ಚರ್ಚ್‌ನಲ್ಲಿ ರಕ್ತದಾನ ಶಿಬಿರ: ಶುಭ ಶುಕ್ರವಾರ ಬೇಡ, ಇಡ್ಲಿ ಮರೀಬೇಡಿ

ನಮ್ಮ ಧರ್ಮಕೇಂದ್ರದಲ್ಲಿ ಮೊದಲ ಸಲ ರಕ್ತದಾನ ಶಿಬಿರ ಇಟ್ಟಿದ್ದು ಒಂದು ಶುಭ ಶುಕ್ರವಾರ. ಯೇಸುಸ್ವಾಮಿ ರಕ್ತ ಸುರಿಸಿದ ದಿನ, ನಾವೂ ಒಂದೊಂದು ಬಾಟಲಿ ಕೊಡೋಣ ಅನ್ನುವ ಯೋಚನೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ನಮಗೂ ಹಾಗೇ ಅನಿಸಿತ್ತು.

ಆ ದಿನ ಬೆಳಗ್ಗೆಯಿಂದ ಏನೂ ತಿನ್ನದೆ, ಬಿಸಿಲಲ್ಲಿ ಶಿಲುಬೆ ಹಾದಿ (ಯೇಸುವಿನ ಕೊನೆಯ ನಡಿಗೆ ನೆನೆಯುವ ಪ್ರಾರ್ಥನೆ) ಮುಗಿಸಿದವರು ನೇರ ಬಂದು ಸಾಲಿನಲ್ಲಿ ನಿಂತರು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ "ತಿಂಡಿ ಆಯ್ತಾ?" ಅರ್ಧಕ್ಕಿಂತ ಜಾಸ್ತಿ ಜನ ವಾಪಸ್ ಹೋದರು. ಕ್ವೈರ್‌ನಲ್ಲಿ ತಬಲಾ ಬಾರಿಸುವ ಅಣ್ಣ ಒಬ್ಬರು "ಆಯ್ತು ಡಾಕ್ಟ್ರೇ" ಅಂತ ಸುಳ್ಳು ಹೇಳಿ ಕೊಟ್ಟೇಬಿಟ್ಟರು. ಎದ್ದು ನಾಲ್ಕು ಹೆಜ್ಜೆ ಹಾಕಿದರು, ಮುಖ ಸುಣ್ಣದ ಹಾಗೆ ಬಿಳಿಚಿತು, ಹಾಡಿನ ಪುಸ್ತಕ ಜೋಡಿಸಿದ್ದ ಮೇಜಿನ ಮೇಲೆ ಹಾಗೇ ಒರಗಿದರು. ಐದು ನಿಮಿಷದಲ್ಲಿ ಸರಿಹೋದರು, ಅದು ಬೇರೆ ಮಾತು. ಆದರೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಯೂತ್ ಹುಡುಗರು ಮುಂದಿನ ಎರಡು ವರ್ಷ ಶಿಬಿರದ ಕಡೆ ತಲೆ ಹಾಕಲಿಲ್ಲ.

ಅಲ್ಲಿಂದ ಕಲಿತಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ನಾನು ಕಥೋಲಿಕ ಚರ್ಚ್‌ನವನು, ಅದಕ್ಕೆ ಪೂಜೆ, ಫಾದರ್ ಅಂತ ಬರೆಯುತ್ತೇನೆ. ನಿಮ್ಮದು ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್) ಸಭೆಯಾದರೆ ಆರಾಧನೆ, ಅಯ್ಯನವರು ಅಂತ ಓದಿಕೊಳ್ಳಿ. ಕೆಲಸ ಒಂದೇ.

ಮೊದಲು: ಒಂದು ದೊಡ್ಡ ಶಿಬಿರದ ಆಸೆ ಬಿಡಿ

"ಈ ಸಲ ಇನ್ನೂರು ಯೂನಿಟ್ ಮಾಡೋಣ, ಪಕ್ಕದ ಚರ್ಚ್‌ನವರು ನೂರೈವತ್ತು ಮಾಡಿದ್ರಂತೆ." ಪ್ಯಾರಿಷ್ ಕೌನ್ಸಿಲ್‌ನಲ್ಲಿ, ಅಂದರೆ ಚರ್ಚ್ ಸಮಿತಿಯಲ್ಲಿ, ಈ ಮಾತು ಬಂದೇ ಬರುತ್ತದೆ. (ಒಬ್ಬರು ಒಂದು ಸಲ ಕೊಡುವ ರಕ್ತ ಒಂದು ಯೂನಿಟ್.) ಅಲ್ಲೇ ತಡೆಯಿರಿ.

ರಕ್ತ ಬಹಳ ದಿನ ಇಟ್ಟುಕೊಳ್ಳುವ ವಸ್ತು ಅಲ್ಲ. ಕೊಟ್ಟ ರಕ್ತವನ್ನು ಬ್ಲಡ್ ಬ್ಯಾಂಕ್‌ನಲ್ಲಿ ಭಾಗ ಮಾಡುತ್ತಾರೆ. ಕೆಂಪು ಕಣಗಳು 35ರಿಂದ 42 ದಿನ ಇರುತ್ತವೆ. ರಕ್ತದ ನೀರಿನ ಭಾಗವಾದ ಪ್ಲಾಸ್ಮಾವನ್ನು ಮಂಜುಗಡ್ಡೆಯ ಹಾಗೆ ಗಟ್ಟಿ ಮಾಡಿ ಒಂದು ವರ್ಷ ಇಡಬಹುದು. ರಕ್ತ ಸೋರದಂತೆ ತಡೆಯುವ ಪ್ಲೇಟ್‌ಲೆಟ್ ಬರೀ 5 ದಿನ. ಕಿದ್ವಾಯಿ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವ ಮಗುವಿಗೆ ಬೇಕಾಗುವುದು ಇದೇ ಪ್ಲೇಟ್‌ಲೆಟ್. ಈ ಭಾನುವಾರ ಕೊಟ್ಟಿದ್ದು ಮುಂದಿನ ಭಾನುವಾರಕ್ಕೆ ಉಳಿಯುವುದಿಲ್ಲ. ಥಲಸ್ಸೇಮಿಯಾ (ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ, ಹುಟ್ಟಿನಿಂದ ಬರುವ ಕಾಯಿಲೆ) ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ವರ್ಷ ಪೂರ್ತಿ, ರಕ್ತ ಹಾಕಿಸಬೇಕು. ಅವರಿಗೆ ವರ್ಷಕ್ಕೊಂದು ಜಾತ್ರೆಯಿಂದ ಏನು ಪ್ರಯೋಜನ?

ಅದಕ್ಕೇ ನನ್ನ ಲೆಕ್ಕ ಹೀಗಿದೆ. ವರ್ಷಕ್ಕೆ ಎರಡು ಸಣ್ಣ ಶಿಬಿರ, ಒಂದೊಂದರಲ್ಲಿ ಐವತ್ತು ಜನ. ನಡುವೆ ತಮ್ಮ ಪಾಡಿಗೆ ಬ್ಲಡ್ ಬ್ಯಾಂಕ್‌ಗೇ ಹೋಗಿ ಕೊಟ್ಟು ಬರುವ ಹತ್ತು ಹದಿನೈದು ಜನ. ಈ ಹದಿನೈದು ಜನ ಸಿಕ್ಕರೆ ನೀವು ಗೆದ್ದ ಹಾಗೆ.

ದಿನ ಗೊತ್ತು ಮಾಡುವುದು

ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಬೇಡ. ಶುಭ ಶುಕ್ರವಾರ, ಬೂದಿ ಬುಧವಾರ ಅಂತೂ ಬೇಡವೇ ಬೇಡ. ಉಪವಾಸ ಇರುವವರಿಂದ ರಕ್ತ ತೆಗೆದುಕೊಳ್ಳಬಾರದು ಅಂತ ನಿಯಮವೇ ಇದೆ. ಕಳೆದ ನಾಲ್ಕು ಗಂಟೆಯೊಳಗೆ ಊಟ ತಿಂಡಿ ಆಗಿರಬೇಕು.

ಈಸ್ಟರ್ ಆಗಿ ಎರಡು ಮೂರು ವಾರ ಬಿಟ್ಟು ಇಡಿ. ಆಗ ಏಪ್ರಿಲ್ ಅಥವಾ ಮೇ ಆಗಿರುತ್ತದೆ. ಬೆಂಗಳೂರಿನ ಶಿಬಿರಗಳು ಜಾಸ್ತಿ ನಡೆಯುವುದು ಕಾಲೇಜು, ಕಂಪನಿಗಳಲ್ಲಿ. ಬೇಸಿಗೆಯಲ್ಲಿ ಕಾಲೇಜಿಗೆ ರಜೆ, ಕಂಪನಿಯವರು ಊರಿಗೆ. ಬ್ಲಡ್ ಬ್ಯಾಂಕ್‌ಗಳಿಗೆ ಕಷ್ಟದ ಕಾಲ ಅದು. ನೀವು ಆಗ ಫೋನ್ ಮಾಡಿದರೆ ಅವರ ದನಿಯಲ್ಲೇ ಗೊತ್ತಾಗುತ್ತದೆ. ಒಂದೇ ಎಚ್ಚರಿಕೆ, ಮೇ ತಿಂಗಳ ಸಂಜೆ ಮಳೆ. ಶಿಬಿರ ಮಧ್ಯಾಹ್ನ ಒಂದು ಗಂಟೆಗೆ ಮುಗಿಯಲಿ.

ಎರಡನೆಯದನ್ನು ನಾವು ನವೆಂಬರ್‌ನಲ್ಲಿ ಇಡುತ್ತೇವೆ. ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ಜೂನ್ 14 ವಿಶ್ವ ರಕ್ತದಾನಿಗಳ ದಿನ. ಆ ಎರಡು ದಿನ ಊರೆಲ್ಲ ಶಿಬಿರಗಳೇ. ನವೆಂಬರ್ 2 ನಮಗೆ ಸಕಲ ಮೃತರ ಸ್ಮರಣೆ. ಹೊಸೂರು ರಸ್ತೆಯ ಸಮಾಧಿಗೆ ಹೂವು, ಮೇಣದಬತ್ತಿ ತಗೊಂಡು ಹೋಗುತ್ತೇವೆ, ತೀರಿಕೊಂಡವರ ಹೆಸರಲ್ಲಿ ಪೂಜೆ ಹೇಳಿಸುತ್ತೇವೆ. "ಅಪ್ಪನ ಹೆಸರಲ್ಲಿ ಪೂಜೆ ಜೊತೆ ಒಂದು ಯೂನಿಟ್ ರಕ್ತಾನೂ ಕೊಡಬಹುದಲ್ಲ" ಅಂತ ಒಬ್ಬ ಆಂಟಿ ಹೇಳಿದ್ದೇ ಹೇಳಿದ್ದು, ಆ ಮಾತು ನಮ್ಮ ಯಾವ ಪೋಸ್ಟರ್‌ಗಿಂತಲೂ ಹೆಚ್ಚು ಕೆಲಸ ಮಾಡಿತು.

ಬ್ಲಡ್ ಬ್ಯಾಂಕ್ ಜೊತೆ ಮಾತು

ಎರಡು ತಿಂಗಳು ಮುಂಚೆ ಮಾತಾಡಿ. ಲೈಸೆನ್ಸ್ ಇರುವ ಬ್ಲಡ್ ಬ್ಯಾಂಕ್‌ಗಳಲ್ಲೂ ಎಲ್ಲರೂ ಹೊರಗೆ ಬಂದು ಶಿಬಿರ ಮಾಡುವ ಹಾಗಿಲ್ಲ. ಸರ್ಕಾರಿ ಬ್ಲಡ್ ಬ್ಯಾಂಕ್, ರೆಡ್ ಕ್ರಾಸ್, ರಾಜ್ಯ ರಕ್ತ ಪರಿಷತ್ತಿನ ಒಪ್ಪಿಗೆ ಇರುವ ಸೇವಾಸಂಸ್ಥೆಗಳ ಬ್ಲಡ್ ಬ್ಯಾಂಕ್ ಆಗಬಹುದು. ನಮ್ಮೂರಲ್ಲಿ ಇದಕ್ಕೆ ಬರ ಇಲ್ಲ. ಕೋರಮಂಗಲದ ಸೇಂಟ್ ಜಾನ್ಸ್, ರೆಡ್ ಕ್ರಾಸ್, ರಾಷ್ಟ್ರೋತ್ಥಾನ, ಲಯನ್ಸ್, ದೊಡ್ಡ ಸರ್ಕಾರಿ ಆಸ್ಪತ್ರೆಗಳು ಹೀಗೆ ಹಲವು ಕಡೆ ಬ್ಲಡ್ ಬ್ಯಾಂಕ್ ಇವೆ. ಸರ್ಕಾರದ ಇ-ರಕ್ತಕೋಶ್ ಜಾಲತಾಣದಲ್ಲಿ ಹತ್ತಿರದ್ದು ಯಾವುದು, ಯಾವ ಗುಂಪು ಎಷ್ಟಿದೆ ಅಂತ ನೋಡಬಹುದು.

ಫೋನ್‌ನಲ್ಲಿ ಸಂಕೋಚ ಪಡದೆ ಕೇಳಬೇಕಾದ್ದು ಇಷ್ಟು. ರಕ್ತವನ್ನು ಭಾಗ ಮಾಡುವ ಸೌಲಭ್ಯ ಇದೆಯಾ? ಆ ವಾರ ನಿಮಗೆ ನಿಜವಾಗಿ ಎಷ್ಟು ಬೇಕು? ಬಡ ರೋಗಿಗಳಿಗೆ, ಥಲಸ್ಸೇಮಿಯಾ ಮಕ್ಕಳಿಗೆ ಹೇಗೆ ಕೊಡುತ್ತೀರಿ? ಈ ಕೊನೆಯ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. "ನಾವು ಪುಕ್ಕಟೆ ಕೊಟ್ಟಿದ್ದಕ್ಕೆ ಆಸ್ಪತ್ರೆಯವರು ದುಡ್ಡು ತಗೋತಾರಂತಲ್ಲ" ಅಂತ ಯಾರೋ ಒಬ್ಬರು ಎದ್ದು ಕೇಳೇ ಕೇಳುತ್ತಾರೆ. ರಕ್ತಕ್ಕೆ ಬೆಲೆ ಇಲ್ಲ. ಅದನ್ನು ಪರೀಕ್ಷಿಸಿ, ಭಾಗ ಮಾಡಿ, ತಂಪಲ್ಲಿಡುವ ಖರ್ಚನ್ನು ತಗೋತಾರೆ. ಪ್ರತಿ ಯೂನಿಟ್‌ಗೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಆಗಲೇಬೇಕು. ದುಡ್ಡಿಗೆ ರಕ್ತ ಮಾರುವವರ ಕಾಲ 1998ರ ಜನವರಿ 1ಕ್ಕೇ ಕಾನೂನಿನ ಪ್ರಕಾರ ಮುಗಿಯಿತು, ಅದಕ್ಕೆ ಕಾರಣ ಸುಪ್ರೀಂ ಕೋರ್ಟ್ ತೀರ್ಪು. ಇಷ್ಟನ್ನು ಸಮಾಧಾನವಾಗಿ ಹೇಳಿದರೆ ಜನ ಒಪ್ಪುತ್ತಾರೆ.

ಮೂರು ಗಂಟೆಯಲ್ಲಿ ಐವತ್ತರಿಂದ ಎಪ್ಪತ್ತು ಯೂನಿಟ್ ತೆಗೆಯಲು ಒಬ್ಬ ಡಾಕ್ಟರ್, ಇಬ್ಬರು ನರ್ಸ್, ಆರರಿಂದ ಎಂಟು ಮಂಚ, ಜೊತೆಗೆ ಟೆಕ್ನಿಷಿಯನ್‌ಗಳು ಇರಬೇಕು ಅಂತ ನಿಯಮ ಇದೆ. ಇನ್ನೂರು ಜನ ಸೇರಿಸಿದರೆ ಕಾಯಿಸಿ ಕಾಯಿಸಿ ಬೇಸರ ಮಾಡಿ ಕಳಿಸುತ್ತೀರಿ, ಅಷ್ಟೇ.

ಜಾಗ

ನೆಲಮಾಳಿಗೆ, ಮಹಡಿ ಬೇಡ. ಯಾರಿಗಾದರೂ ತಲೆಸುತ್ತು ಬಂದರೆ ಮೆಟ್ಟಿಲಲ್ಲಿ ಬೀಳಬಾರದು. ಚರ್ಚ್ ಪಕ್ಕದ ಹಾಲ್ ಅಥವಾ ಶಾಲೆಯ ಕೆಳಗಿನ ಕೋಣೆ ಸಾಕು. ಫ್ಯಾನ್, ಬೆಳಕು, ಕೈ ತೊಳೆಯಲು ನೀರು, ಹತ್ತಿರದಲ್ಲೇ ಶೌಚಾಲಯ ಇರಲಿ. ಭಾನುವಾರ ಬೆಸ್ಕಾಂ ಕರೆಂಟ್ ತೆಗೆಯುವುದುಂಟು, ಜನರೇಟರ್‌ಗೆ ಡೀಸೆಲ್ ಇದೆಯಾ ಅಂತ ಶನಿವಾರವೇ ನೋಡಿ. ಬಳಸಿದ ಸೂಜಿ, ಹತ್ತಿ ಎಲ್ಲ ಬ್ಲಡ್ ಬ್ಯಾಂಕ್‌ನವರೇ ತಗೊಂಡು ಹೋಗಬೇಕು. ನಿಮ್ಮ ಕಸದ ಬುಟ್ಟಿಗೆ ಒಂದೂ ಬೀಳಬಾರದು.

ಕೇಳುವ ಬಗೆ

ಇಡೀ ಕೆಲಸದ ಹೃದಯ ಇದೇ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಪೂಜೆ ಮುಗಿದ ಮೇಲೆ ಪ್ರಕಟಣೆ ಓದುತ್ತಾರಲ್ಲ, ಆಗ ಜನ ಚಪ್ಪಲಿ ಕಡೆ ನೋಡುತ್ತಿರುತ್ತಾರೆ. ಆ ಪ್ರಕಟಣೆ ಬೇಕು, ಆದರೆ ಅದರಿಂದ ಐದು ಜನ ಬಂದರೆ ಹೆಚ್ಚು. ಫಾದರ್ ಪ್ರಬೋಧನೆಯಲ್ಲಿ ಒಳ್ಳೆಯ ಸಮಾರ್ಯದವನ ಕಥೆಗೆ ಸೇರಿಸಿ ಎರಡು ಮಾತು ಹೇಳಿದರೆ ಇನ್ನಷ್ಟು ಒಳ್ಳೆಯದು. ಫಾದರೇ ಮೊದಲು ಮಂಚದ ಮೇಲೆ ಮಲಗಿದರೆ ಅದಕ್ಕಿಂತ ಒಳ್ಳೆಯದು. ಆದರೂ ಜನರನ್ನು ನಿಜವಾಗಿ ಕರೆತರುವುದು ಗುರುತಿನವರು ಎದುರು ನಿಂತು ಕೇಳಿದಾಗ: "ಅಣ್ಣ, ಹದಿನೆಂಟನೇ ತಾರೀಕು ಹತ್ತು ಗಂಟೆಗೆ ನಿಮ್ಮ ಹೆಸರು ಬರೆದುಕೊಳ್ಳಲಾ? ನಾನೂ ಆಗಲೇ ಕೊಡ್ತಿದ್ದೀನಿ, ಒಟ್ಟಿಗೆ ಹೋಗೋಣ."

ಈ ಮಾತಲ್ಲಿ ದಿನ ಇದೆ, ಗಂಟೆ ಇದೆ, ಜೊತೆಗೊಬ್ಬರು ಇದ್ದಾರೆ. "ಬಿಡುವಾದಾಗ ಬನ್ನಿ" ಅಂದರೆ ಯಾರೂ ಬರಲ್ಲ.

ನಾವು ಮಾಡಿದ್ದು ಇಷ್ಟು. ಪ್ರತಿ ಕಿರು ಕ್ರೈಸ್ತ ಸಮುದಾಯಕ್ಕೆ (ಅಕ್ಕಪಕ್ಕದ ಮನೆಗಳ ಪ್ರಾರ್ಥನಾ ಗುಂಪು) ಒಬ್ಬರು, ಈ ಹಿಂದೆ ಒಮ್ಮೆಯಾದರೂ ರಕ್ತ ಕೊಟ್ಟವರು. ಅವರು ತಮ್ಮ ಬೀದಿಯ ಐದು ಜನರನ್ನು ಮಾತ್ರ ಕೇಳಬೇಕು. ಹತ್ತು ಬೀದಿಗೆ ಐವತ್ತು ಜನ. ಅರ್ಧ ಗಂಟೆಗೆ ಎಂಟು ಹೆಸರಿನಂತೆ ಪಟ್ಟಿ. ನಮ್ಮಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರು ಪೂಜೆ ನಡೆಯುತ್ತವೆ. ಮೂರೂ ಕಡೆಯವರು ಗುಂಪಿನಲ್ಲಿ ಇರಲಿ. ಇಲ್ಲದಿದ್ದರೆ "ಅದು ಕನ್ನಡದವರ ಕಾರ್ಯಕ್ರಮ" ಅಂತ ಶುರುವಾಗುತ್ತದೆ, ಬೆಂಗಳೂರಿನ ಚರ್ಚ್‌ಗಳ ಭಾಷೆ ಜಗಳದ ಕಥೆ ನಿಮಗೆ ಗೊತ್ತಲ್ಲ.

ಬರುವ ಅನುಮಾನಗಳೂ ಹೆಚ್ಚುಕಮ್ಮಿ ಒಂದೇ ತರಹ.

"ನಮ್ಮ ಹುಡುಗ ಮೊದಲೇ ಸಣ್ಣ." 45 ಕೆಜಿ ಇದ್ದರೆ 350 ಮಿಲಿ ತೆಗೆಯುತ್ತಾರೆ. 55 ಕೆಜಿಗಿಂತ ಮೇಲಿದ್ದರೆ 450 ಆಗಬಹುದು. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ. ಹೋದ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ಕೆಲವು ವಾರ ಬೇಕು. ಅದಕ್ಕೇ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ.

"ಮದುವೆ ಆಗಬೇಕಾದ ಹುಡುಗಿ, ಬೇಡ." ಇದನ್ನು ಅಮ್ಮಂದಿರಿಗೆ ಅಮ್ಮಂದಿರೇ ಹೇಳಬೇಕು. ನಮ್ಮಲ್ಲಿ ನರ್ಸ್ ಆಗಿರುವ ಒಬ್ಬ ಅಕ್ಕ ಇದ್ದಾರೆ. ಅವರು ಎರಡು ಮಕ್ಕಳಾದ ಮೇಲೂ ಕೊಡುತ್ತಿದ್ದಾರೆ. ಅವರನ್ನು ಮುಂದೆ ಬಿಟ್ಟು ನಾವು ಗಂಡಸರು ಸುಮ್ನೆ ಇರುತ್ತೇವೆ.

"ನನಗೆ ಬಿಪಿ, ಶುಗರ್ ಇದೆ." ಮಾತ್ರೆಯಲ್ಲಿ ಬಿಪಿ ಹದದಲ್ಲಿದ್ದರೆ ಕೊಡಬಹುದು. ಶುಗರ್‌ಗೆ ಮಾತ್ರೆ ಮಾತ್ರ ಇದ್ದು, ನಾಲ್ಕು ವಾರದಿಂದ ಡೋಸ್ ಬದಲಾಗಿಲ್ಲ ಅಂದರೆ ಕೊಡಬಹುದು. ಇನ್ಸುಲಿನ್ ತಗೊಳ್ಳುವವರು ಕೊಡುವ ಹಾಗಿಲ್ಲ. ಕೊನೆಯ ಮಾತು ಶಿಬಿರದ ಡಾಕ್ಟರ್‌ದು.

"ಬೈಬಲ್‌ನಲ್ಲಿ ರಕ್ತ ಬೇಡ ಅಂತ ಇದೆಯಲ್ಲ?" ಅದು ರಕ್ತ ತಿನ್ನುವ ಮಾತು. ಕಥೋಲಿಕ, ಸಿಎಸ್‌ಐ ಸಭೆಗಳಲ್ಲಿ ರಕ್ತ ಕೊಡಲು, ಪಡೆಯಲು ಅಡ್ಡಿ ಇಲ್ಲ. ಈ ಪ್ರಶ್ನೆಗೆ ಫಾದರ್ ಹತ್ತಿರವೇ ಕಳಿಸಿಬಿಡಿ, ನೀವು ಜಗಳಕ್ಕೆ ಇಳಿಯಬೇಡಿ.

ಒತ್ತಾಯ ಬೇಡ, ಯಾಕೆ ಅಂದರೆ

ಚರ್ಚ್‌ನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅದೇ ನಮ್ಮ ಬಲ, ಅದೇ ಅಪಾಯ. ಫಾದರ್ ಎದುರು, ಅತ್ತೆ ಎದುರು "ನಾನು ಕೊಡಲ್ಲ" ಅನ್ನೋದು ಸುಲಭ ಅಲ್ಲ. ತನಗೆ ಸೋಂಕು ತಗುಲಿರಬಹುದು ಅಂತ ಅನುಮಾನ ಇರುವ ಒಬ್ಬರು ನಾಚಿಕೆಗೆ ಕೊಟ್ಟುಬಿಟ್ಟರೆ? ಸೋಂಕು ತಗುಲಿದ ಶುರುವಿನ ದಿನಗಳಲ್ಲಿ ಪರೀಕ್ಷೆಯಲ್ಲೂ ಸಿಕ್ಕದೆ ಹೋಗಬಹುದು. ಆ ರಕ್ತ ಇನ್ನೊಬ್ಬರ ಮೈಗೆ ಹೋಗುತ್ತದೆ.

ಅದಕ್ಕೆ ನಾವು ಪಾಲಿಸುವ ಪದ್ಧತಿ ಹೀಗಿದೆ. ಫಾರಂ ತುಂಬುವ, ಡಾಕ್ಟರ್ ಪ್ರಶ್ನೆ ಕೇಳುವ ಮೇಜಿನ ಹತ್ತಿರ ಚರ್ಚ್‌ನವರು ಯಾರೂ ಕೂರಬಾರದು. ಗಂಡ ಹೆಂಡತಿಯನ್ನೂ ಬೇರೆ ಬೇರೆ ಕಳಿಸಬೇಕು. ಕೊಟ್ಟವರ ಹೆಸರನ್ನು ಮೈಕ್‌ನಲ್ಲಿ ಓದಬಾರದು, ನೋಟಿಸ್ ಬೋರ್ಡ್‌ಗೆ ಹಾಕಬಾರದು. ಕೊಟ್ಟವರ ಪಟ್ಟಿ ಹಾಕಿದರೆ ಕೊಡದವರ ಪಟ್ಟಿ ತಾನಾಗೇ ಹೊರಬೀಳುತ್ತದೆ. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ನಾವೇ ಹೇಳಿಕೊಂಡು ತಿರುಗುತ್ತೇವಲ್ಲ, ಇಲ್ಲಿ ಅದು ಅಕ್ಷರಶಃ ಬೇಕು. ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಬೇಕು ಅನ್ನುವವರಿಗೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ, ಪರೀಕ್ಷೆಯ ಕೇಂದ್ರ) ಪುಕ್ಕಟೆ, ಗುಟ್ಟಾಗಿ ಮಾಡುತ್ತಾರೆ. ರಕ್ತ ಕೊಟ್ಟು ಕಂಡುಕೊಳ್ಳುವ ದಾರಿ ಬೇಡ.

ಬಹುಮಾನ, ಮಿಕ್ಸಿ, ಲಕ್ಕಿ ಡಿಪ್ ಬೇಡ. ಆಸೆಗೆ ಬಿದ್ದವರು ನಿಜ ಮುಚ್ಚಿಡುತ್ತಾರೆ. ತಿಂಡಿ, ಜ್ಯೂಸ್, ಸರ್ಟಿಫಿಕೇಟ್ ಸಾಕು.

ಹಿಂದಿನ ವಾರವೇ ಹೇಳಿಬಿಡಬೇಕಾದ್ದು

ಸಾಲಲ್ಲಿ ನಿಂತ ಮೇಲೆ ವಾಪಸ್ ಹೋಗುವುದು ಬೇಸರದ ಕೆಲಸ. ಆದ್ದರಿಂದ ಒಂದು ಚೀಟಿ ಹಂಚಿ. ವಯಸ್ಸು 18ರಿಂದ 65. ಆದರೆ 60 ದಾಟಿದ ಮೇಲೆ ಮೊದಲ ಸಲ ಕೊಡುವ ಹಾಗಿಲ್ಲ. ಹಿಮೋಗ್ಲೋಬಿನ್ 12.5 ಇರಬೇಕು. ಹಚ್ಚೆ ಹಾಕಿಸಿ, ಕಿವಿ ಮೂಗು ಚುಚ್ಚಿಸಿ ಒಂದು ವರ್ಷ ಆಗಿರಬೇಕು. ಟೈಫಾಯಿಡ್‌ಗೆ ಒಂದು ವರ್ಷ, ಡೆಂಗಿ, ಚಿಕೂನ್‌ಗುನ್ಯಾಕ್ಕೆ ಆರು ತಿಂಗಳು, ಮಲೇರಿಯಾಕ್ಕೆ ಮೂರು ತಿಂಗಳು, ಎಲ್ಲ ಪೂರ್ತಿ ವಾಸಿಯಾದ ಮೇಲಿನ ಲೆಕ್ಕ. ಹೆರಿಗೆಯಾಗಿ ವರ್ಷ ತುಂಬದವರು, ಎದೆಹಾಲು ಕೊಡುವವರು, ಮುಟ್ಟಿನ ದಿನದಲ್ಲಿರುವವರು ಮುಂದಿನ ಸಲ ಬರಲಿ. ಹಿಂದಿನ ರಾತ್ರಿ ಕುಡಿದವರು ಮನೆಯಲ್ಲೇ ಇರಲಿ. ಶನಿವಾರ ಮದುವೆ ರಿಸೆಪ್ಷನ್ ಇದ್ದರೆ ಆ ಭಾನುವಾರ ಶಿಬಿರವನ್ನೇ ಇಡಬೇಡಿ, ಅನುಭವದ ಮಾತು.

ಆ ದಿನ ಬೆಳಗ್ಗೆ

ಇಲ್ಲಿ ನಮ್ಮವರಿಗೇ ಹೊಳೆಯದ ಒಂದು ವಿಷಯ ಇದೆ. ಪರಮಪ್ರಸಾದಕ್ಕೆ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಒಂದು ಗಂಟೆ ಮುಂಚಿನಿಂದ ಏನೂ ತಿನ್ನಬಾರದು ಅಂತ ನಿಯಮ. ಹಿರಿಯರು ಎದ್ದಾಗಿನಿಂದಲೇ ಏನೂ ಮುಟ್ಟುವುದಿಲ್ಲ. ಏಳು ಗಂಟೆ ಪೂಜೆಗೆ ಬಂದವರಲ್ಲಿ ಬಹುಪಾಲು ಖಾಲಿ ಹೊಟ್ಟೆ. ಪೂಜೆ ಮುಗಿದ ತಕ್ಷಣ ಶಿಬಿರ ಶುರು ಮಾಡಿದರೆ ಮತ್ತೆ ಶುಭ ಶುಕ್ರವಾರದ ಕಥೆಯೇ.

ಹಾಗಾಗಿ ಪೂಜೆ ಆದ ಮೇಲೆ ಎಂಟು ಗಂಟೆಗೆ, ಎಲ್ಲಕ್ಕಿಂತ ಮೊದಲು, ಇಡ್ಲಿ. ನಾಲ್ಕು ಇಡ್ಲಿ, ಚಟ್ನಿ, ಮೇಲೆ ಎರಡು ದೊಡ್ಡ ಲೋಟ ನೀರು. ಸೂಜಿಗೆ ಮುಂಚೆ ಅರ್ಧ ಲೀಟರ್ ನೀರು ಕುಡಿದರೆ ತಲೆಸುತ್ತು ಕಮ್ಮಿ. "ಕಾಫಿ ಕುಡಿದೆ" ಅಂದರೆ ತಿಂಡಿ ಲೆಕ್ಕಕ್ಕೆ ಬರಲ್ಲ. ಶಿಬಿರ ಒಂಬತ್ತಕ್ಕೆ. ಹದಿನೆಂಟು ತುಂಬದ ಹುಡುಗ ಹುಡುಗಿಯರಿಗೆ ಈ ಇಡ್ಲಿ ಮೇಜು ಕೊಡಿ. ಅವರು ಪ್ರತಿಯೊಬ್ಬರನ್ನೂ ಕೂರಿಸಿ ತಿನ್ನಿಸುತ್ತಾರೆ, ಜೊತೆಗೆ ಇಡೀ ಕೆಲಸ ನೋಡಿಕೊಳ್ಳುತ್ತಾರೆ. ನಾಲ್ಕು ವರ್ಷದ ಹಿಂದೆ ಚಟ್ನಿ ಬಡಿಸುತ್ತಿದ್ದ ಹುಡುಗಿ ಈಗ ತನ್ನ ಬೀದಿಯ ಐದು ಜನರನ್ನು ಕೇಳುವವಳು.

ಆಮೇಲೆ ಫಾರಂ, ತೂಕ, ಬೆರಳು ಚುಚ್ಚಿ ಹಿಮೋಗ್ಲೋಬಿನ್, ಬಿಪಿ, ಡಾಕ್ಟರ್ ಪ್ರಶ್ನೆಗಳು. ರಕ್ತ ತೆಗೆಯುವುದು ಐದರಿಂದ ಹತ್ತು ನಿಮಿಷ. ಹೊಸಬರ ಪಕ್ಕ ಒಬ್ಬರು ನಿಂತು ಏನಾದರೂ ಮಾತಾಡುತ್ತಿರಲಿ, ಆರ್‌ಸಿಬಿ ಬಗ್ಗೆಯಾದರೂ ಸರಿ.

ಎದ್ದ ಮೇಲೆ ಹದಿನೈದು ನಿಮಿಷ ಕಣ್ಣೆದುರೇ ಕೂರಲಿ. ಕುರ್ಚಿಗಳನ್ನು ಬಾಗಿಲ ಹತ್ತಿರ ಹಾಕಬೇಡಿ, ಎದ್ದು ಹೋಗಿಬಿಡುತ್ತಾರೆ. ಯಾರಿಗಾದರೂ ಬೆವರು, ಆಕಳಿಕೆ, ಕಣ್ಣು ಕತ್ತಲೆ ಶುರುವಾದರೆ ಅಲ್ಲೇ ನೆಲದ ಮೇಲಾದರೂ ಸರಿ ಮಲಗಿಸಿ, ಕಾಲು ಎತ್ತಿಡಿ, ಕಾಲರ್ ಸಡಿಲಿಸಿ, ನರ್ಸ್ ಕರೆಯಿರಿ. ಸುತ್ತ ಗುಂಪು ಕಟ್ಟಲು ಬಿಡಬೇಡಿ. ಆ ದಿನ ಭಾರ ಎತ್ತಬಾರದು, ನೀರು ಜಾಸ್ತಿ ಕುಡಿಯಬೇಕು, ಸಂಜೆವರೆಗೆ ಬೀರು ಬ್ರಾಂದಿ ಮುಟ್ಟಬಾರದು. ಸ್ಕೂಟರ್‌ನಲ್ಲಿ ಬಂದವರನ್ನು ಸ್ವಲ್ಪ ಹೊತ್ತು ಮಾತಿಗೆ ಎಳೆದು ನಿಲ್ಲಿಸಿಕೊಳ್ಳಿ.

ವಾಪಸ್ ಹೋದವರು

ಕೊಟ್ಟವರಿಗೆ ಚಪ್ಪಾಳೆ ಸಿಗುತ್ತದೆ. ಹಿಮೋಗ್ಲೋಬಿನ್ ಕಮ್ಮಿ ಅಂತ ವಾಪಸ್ ಹೋದ ಹೆಂಗಸರನ್ನು ಯಾರೂ ಮಾತಾಡಿಸುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಜನರಿಗೆ ರಕ್ತಹೀನತೆ ಇದೆ. ಅಂದರೆ ಪೂಜೆಗೆ ಬಂದು ಕೂತವರಲ್ಲೂ ಎಷ್ಟೋ ಜನರಿಗೆ ಇದೆ, ಗೊತ್ತಿಲ್ಲ ಅಷ್ಟೇ.

ಒಮ್ಮೆ ನಮ್ಮಲ್ಲಿ ಹೂವು ಕಟ್ಟಿ ಮಾರುವ ಅಮ್ಮ ಒಬ್ಬರಿಗೆ 8.2 ಬಂತು. "ನನ್ನ ರಕ್ತ ಬೇಡವಂತೆ" ಅಂತ ಸೆರಗಲ್ಲಿ ಮುಖ ಒರೆಸಿಕೊಂಡು ಹೋಗುತ್ತಿದ್ದರು. ನರ್ಸ್ ಅಕ್ಕ ಓಡಿಹೋಗಿ ಅವರ ಪಕ್ಕ ಕೂತರು, ಮಾರನೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಂದಿನಿಂದ ನಮ್ಮ ಶಿಬಿರದಲ್ಲಿ ಇನ್ನೊಂದು ಮೇಜು ಇದೆ. ಅಲ್ಲಿ ಕೂರುವ ಅಕ್ಕ, ವಾಪಸ್ ಹೋಗುವವರೇ ಬಂದು ಕೇಳಿದರೆ ಮಾತ್ರ, ಒಂದು ಚೀಟಿ ಬರೆದುಕೊಡುತ್ತಾರೆ: ಡಾಕ್ಟರನ್ನು ನೋಡಿ, ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ತಪ್ಪದೆ ತಗೊಳ್ಳಿ, ಸೊಪ್ಪು, ಕಾಳು, ಮೊಟ್ಟೆ, ಮಾಂಸ ತಿನ್ನಿ, ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟದ ಹಿಂದೆಯೇ ಟೀ ಕಾಫಿ ಬೇಡ.

ಆಮೇಲಿನ ನೋಟ್‌ಬುಕ್

ಶಿಬಿರ ಮುಗಿದ ಸಂಜೆಯೇ ಒಬ್ಬರ ಹತ್ತಿರ ಒಂದು ನೋಟ್‌ಬುಕ್ ಇರಲಿ. ಒಪ್ಪಿದವರ ಹೆಸರು, ಗುಂಪು, ಕೊಟ್ಟ ದಿನ, ಮತ್ತೆ ಕೊಡಬಹುದಾದ ದಿನ. ಇಷ್ಟೇ. ಬೇರೆ ಯಾವ ಆರೋಗ್ಯ ವಿಚಾರವೂ ಬೇಡ. 90 ಅಥವಾ 120 ದಿನ ಆದ ಮೇಲೆ ಒಂದು ಫೋನ್: "ಅಕ್ಕ, ದಿನ ತುಂಬಿತು. ಶನಿವಾರ ಮೂರು ಜನ ಬ್ಲಡ್ ಬ್ಯಾಂಕ್‌ಗೆ ಹೋಗ್ತಿದ್ದೀವಿ, ಆಟೋದಲ್ಲಿ ಒಂದು ಸೀಟಿದೆ."

ವಾಟ್ಸ್ಯಾಪ್‌ನಲ್ಲಿ "ಅರ್ಜೆಂಟ್, ಓ ನೆಗೆಟಿವ್ ಬೇಕು" ಅಂತ ಬರುವುದೆಲ್ಲ ಈ ನೋಟ್‌ಬುಕ್ ಇಟ್ಟವರಿಗೇ ಹೋಗಲಿ. ಅವರು ಮೊದಲು ಆ ನಂಬರ್‌ಗೆ ಫೋನ್ ಮಾಡಿ, ಆಸ್ಪತ್ರೆಯ ಬ್ಲಡ್ ಬ್ಯಾಂಕ್ ಹತ್ತಿರ ಖಾತ್ರಿ ಮಾಡಿಕೊಂಡು, ಆಮೇಲೆ ಇಬ್ಬರಿಗೆ ಮಾತ್ರ ಹೇಳಲಿ. ಗ್ರೂಪ್‌ಗೆ ಹಾಕಬೇಡಿ. ಹಾಕಲೇಬೇಕಾದರೆ ತಾರೀಕು, ಗಂಟೆ ಬರೆಯಿರಿ, ಕೆಲಸ ಆದ ಮೇಲೆ ಅಳಿಸಿ. ಎರಡು ವರ್ಷದ ಹಿಂದೆ ಮನೆಗೆ ಹೋದ ರೋಗಿಗೆ ನಮ್ಮ ಗ್ರೂಪ್‌ನಲ್ಲಿ ಮೊನ್ನೆ ಮೊನ್ನೆವರೆಗೂ ರಕ್ತ ಹುಡುಕುತ್ತಿದ್ದರು.

ಅಂದಹಾಗೆ, ತಬಲಾ ಅಣ್ಣನ ಹೆಸರು ನೋಟ್‌ಬುಕ್‌ನ ಮೊದಲ ಪುಟದಲ್ಲೇ ಇದೆ. ಮುಂದಿನ ದಿನ ಬರೆಯುವ ಜಾಗದಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಗೀಚಿದ್ದಾರೆ: "ಇಡ್ಲಿ ಆಯ್ತಾ ಕೇಳಿ."